ನೋಡ್ತಾ ನಿಂತ ಪಕ್ಕದ್ಮನೆ ಹುಡುಗ

ಜ್ಯಾಕ್ ಕೆಚಮ್ ಬರೆದಿರೋ 'ದ ಗರ್ಲ್ ನೆಕ್ಸ್ಟ್ ಡೋರ್' ಮುಗಿಸ್ದೆ. 1989ರ ಕಾದಂಬರಿ. ಹಾರರ್ ಅಂತ ಹೆಸ್ರು ಅಷ್ಟೇ, ದೆವ್ವ ಗಿವ್ವ ಏನಿಲ್ಲ, 1958ರ ಅಮೆರಿಕದ ಒಂದು ಬೀದಿ, ಬೇಸಿಗೆ ರಜ, ಒಂದಷ್ಟು ಹುಡುಗ್ರು.

ಕಥೆ ಹೇಳೋನು ಡೇವಿಡ್, ಆಗ ಅವನಿಗೆ 12 ವರ್ಷ. ಅಪ್ಪ ಅಮ್ಮನ್ನ ಕಾರ್ ಆಕ್ಸಿಡೆಂಟಲ್ಲಿ ಕಳ್ಕೊಂಡ ಮೆಗ್, ಅವಳ ತಂಗಿ ಸೂಸನ್ ಇಬ್ರೂ ಪಕ್ಕದ್ಮನೆ ರೂತ್ ಹತ್ರ ಬಂದಿರ್ತಾರೆ. ಡೇವಿಡ್‌ಗೆ ಮೆಗ್ ಅಂದ್ರೆ ಇಷ್ಟ, ಅದೇ ಸಂಕಟ.

ರೂತ್ ಇದಾಳಲ್ಲ, ಬೀದಿ ಹುಡುಗ್ರಿಗೆಲ್ಲ ಅವಳಂದ್ರೆ ಪ್ರಾಣ. ಹೆಸ್ರು ಹಿಡಿದೇ ಕರೀಬಹುದು, ಫ್ರಿಜ್ಜಿಂದ ಬಿಯರ್ ತೆಗ್ದು ಕೊಡ್ತಾಳೆ, ದೊಡ್ಡೋರ ಹತ್ರ ಮಾತಾಡೋ ಹಾಗೇ ಮಾತಾಡ್ತಾಳೆ, ನಮ್ಮಮ್ಮನೂ ಹಿಂಗಿರ್ಬಾರ್ದಿತ್ತಾ ಅನ್ಸತ್ತೆ ಆ ವಯಸ್ಸಿಗೆ. ಆ ಬಿಯರ್ ಓದ್ವಾಗ ತಮಾಷೆ ಅನ್ಸಿತ್ತು, ಆಮೇಲೆ ಗೊತ್ತಾಗತ್ತೆ, ಮನೇಲಿ ಹೇಳ್ಬಾರ್ದು ಅನ್ನೋ ಅಭ್ಯಾಸ ಶುರುವಾಗಿದ್ದೇ ಅಲ್ಲಿಂದ. ಅದೇ ರೂತ್ ಮೆಗ್‌ಗೆ ಹಿಂಸೆ ಕೊಡೋಕೆ ಶುರು ಮಾಡ್ತಾಳೆ, ಮೊದ್ಲು ಬರೀ ಬೈಗುಳ, ಆಮೇಲೆ ಊಟ ಕೊಡದೇ ಇರೋದು, ಆಮೇಲೆ ನೆಲಮಾಳಿಗೇಲಿ ಕೂಡಿ ಹಾಕೋದು, ಒಂದೊಂದು ಹೆಜ್ಜೆನೂ ಎಷ್ಟು ಸಣ್ಣದು ಅಂದ್ರೆ ಎಲ್ಲಿ ಎದ್ದು ಹೋಗ್ಬೇಕಿತ್ತು ಅಂತ ಡೇವಿಡ್‌ಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ರೂತ್ ಹೂಂ ಅಂದಿದಾಳೆ, ಮಕ್ಕಳೂ ಹಿಂಸೆಗೆ ಕೈ ಜೋಡಿಸೋಕೆ ಅಷ್ಟು ಸಾಕು. ಮೆಗ್ ಪೊಲೀಸ್ ಹತ್ರನೂ ಹೇಳ್ತಾಳೆ, ಏನೂ ಉಪಯೋಗ ಆಗಲ್ಲ.

ಇದಕ್ಕೆ ಮೂಲ ನಿಜ ಘಟನೆ ಅನ್ನೋದು ಇನ್ನೂ ಹಿಂಸೆ. 1965, ಇಂಡಿಯಾನಾಪೊಲಿಸ್, ಸಿಲ್ವಿಯಾ ಲೈಕೆನ್ಸ್ ಅಂತ 16 ವರ್ಷದ ಹುಡುಗಿ. ಅಪ್ಪ ಅಮ್ಮ ಜಾತ್ರೆ ಥರದ ಕಾರ್ನಿವಲ್‌ಗಳಲ್ಲಿ ಕೆಲ್ಸ ಮಾಡೋರು, ವಾರಕ್ಕೆ 20 ಡಾಲರ್ ಕೊಡ್ತೀವಿ ಅಂತ ಇವಳನ್ನೂ ತಂಗಿನೂ ಗರ್ಟ್ರೂಡ್ ಬನಿಶೆವ್ಸ್ಕಿ ಅನ್ನೋಳ ಮನೇಲಿ ಬಿಟ್ಟು ಹೋದ್ರು. ಅವಳು, ಅವಳ ಮಕ್ಕಳು, ಅಕ್ಕಪಕ್ಕದ ಹುಡುಗ್ರು ಎಲ್ಲ ಸೇರ್ಕೊಂಡು ಹಿಂಸೆ ಕೊಟ್ಟಿದ್ದು. ಅಕ್ಟೋಬರ್ 26ಕ್ಕೆ ಸಿಲ್ವಿಯಾ ಸತ್ತೋದ್ಲು. ಗರ್ಟ್ರೂಡ್ 1985ರಲ್ಲಿ ಪೆರೋಲ್ ಮೇಲೆ ಹೊರಗೆ ಬಂದ್ಲು, ಜನ ಎಷ್ಟು ವಿರೋಧ ಮಾಡಿದ್ರೂ.

ಕೆಚಮ್ ಘೋರ ದೃಶ್ಯಗಳನ್ನ ಮಜಾ ತಗೊಂಡು ಬರೆದಿದಾನೆ ಅಂತ ಬೈಯೋರಿದಾರೆ, ನಾನು ಒಪ್ಪಲ್ಲ. ಒಂದು ಕಡೆ ಡೇವಿಡ್ ಇದೊಂದನ್ನ ಮಾತ್ರ ನಾನು ಹೇಳಲ್ಲ ಅಂತ ನಿಲ್ಲಿಸಿಬಿಡ್ತಾನೆ, ಇಡೀ ಪುಸ್ತಕದಲ್ಲಿ ನಂಗೆ ಹೊಟ್ಟೆ ತೊಳಸಿದ್ದು ಅಲ್ಲೇ, ಯಾಕಂದ್ರೆ ಮುಂದೇನಾಯ್ತು ಅಂತ ನನ್ ಮನಸ್ಸು ತಾನೇ ತುಂಬ್ಕೊಳ್ಳೋಕೆ ಹೊರಟಿತ್ತು, ನಾನೂ ಅವನ ಪಕ್ಕದಲ್ಲೇ ನಿಂತು ನೋಡ್ತಿದ್ದೆ ಅಂತಾಯ್ತಲ್ಲ.

ಕೊರತೆ ಇಲ್ವಾ, ಇದೆ. ರೂತ್‌ಗೆ ತಲೆ ಕೆಟ್ಟಿದ್ದು ಯಾಕೆ ಅನ್ನೋದು ಕೊನೆವರೆಗೂ ಸರಿಯಾಗಿ ಕೂರಲ್ಲ. 2007ರಲ್ಲಿ ಸಿನಿಮಾನೂ ಬಂದಿದೆ, ನೋಡೋ ಧೈರ್ಯ ನಂಗಿಲ್ಲಪ್ಪ. ಇನ್ನು ದೊಡ್ಡವನಾದ ಡೇವಿಡ್ ಆಗಾಗ ಬಂದು ಪಶ್ಚಾತ್ತಾಪ ಪಡ್ತಾನಲ್ಲ, ಅದನ್ನ ಓದಿ ಅತ್ತೋರೂ ಇರಬಹುದು, ನಂಗಂತೂ ಅವನ ಮೇಲೆ ಕನಿಕರ ಬರ್ಲೇ ಇಲ್ಲ.