ಡೆಮಿಯಾನ್ ನಿಜಕ್ಕೂ ಇದ್ದನೇ?

ಹರ್ಮನ್ ಹೆಸ್ಸೆಯ ‘ಡೆಮಿಯಾನ್’ ಓದಿ ಮುಗಿಸಿದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಆ ಹುಡುಗ ನಿಜಕ್ಕೂ ಇದ್ದನೋ, ಇಲ್ಲಾ ಎಲ್ಲವೂ ಸಿಂಕ್ಲೇರನ ಮನಸ್ಸಿನ ಸೃಷ್ಟಿಯೋ? ಇದ್ದ ಅಂತಲೇ ನನ್ನ ಉತ್ತರ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಓದದವರಿಗಾಗಿ ಎರಡು ಮಾತು. 1919ರಲ್ಲಿ ಬಂದ ಜರ್ಮನ್ ಕಾದಂಬರಿ ಇದು. ದೈವಭಕ್ತರ, ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ ಎಮಿಲ್ ಸಿಂಕ್ಲೇರ್ ಹತ್ತನೇ ವಯಸ್ಸಿನಿಂದ ಮೊದಲನೇ ಮಹಾಯುದ್ಧದವರೆಗಿನ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ‘ನಾನು ಯಾರು’ ಎಂದು ತಡಕಾಡುವ ಆ ವರ್ಷಗಳಲ್ಲಿ ಅವನಿಗೆ ಮತ್ತೆ ಮತ್ತೆ ಎದುರಾಗುವವನು ಶಾಲೆಯಲ್ಲಿ ತನಗಿಂತ ದೊಡ್ಡವನಾದ ಮ್ಯಾಕ್ಸ್ ಡೆಮಿಯಾನ್.

ಅನುಮಾನ ಬರುವುದು ಸಹಜ. ಡೆಮಿಯಾನ್ ಒಮ್ಮೆ ತರಗತಿಯಲ್ಲೇ ಕಲ್ಲಾಗಿ ಕೂತುಬಿಡುತ್ತಾನೆ, ಮುಖದ ಮೇಲೆ ನೊಣ ಹರಿದಾಡಿದರೂ ಅಲುಗುವುದಿಲ್ಲ. ಪಾರ್ಕಿನಲ್ಲಿ ಕಂಡ ಹುಡುಗಿಯ ಚಿತ್ರ ಬರೆಯಹೋದ ಸಿಂಕ್ಲೇರನ ಕಾಗದದ ಮೇಲೆ ಮೂಡುವುದು ಡೆಮಿಯಾನನ ಮುಖ. ಹಕ್ಕಿಯ ಚಿತ್ರವೊಂದನ್ನು ಅವನಿಗೆ ಕಳಿಸಿದರೆ ಉತ್ತರದ ಚೀಟಿ ತರಗತಿಯಲ್ಲಿ ಅವನ ಪುಸ್ತಕದೊಳಗೆ ಸಿಗುತ್ತದೆ. ಅದರಲ್ಲಿದ್ದ ಅಬ್ರಾಕ್ಸಸ್ ಎಂಬ ದೇವರ ಹೆಸರನ್ನು ಅದೇ ಪಾಠದಲ್ಲಿ ಮೇಷ್ಟರೂ ಹೇಳುತ್ತಾರೆ. ಇದನ್ನು ಬರೆಯುವ ಮುನ್ನ, 1916ರಲ್ಲಿ, ಹೆಸ್ಸೆ ಮನಶ್ಶಾಸ್ತ್ರಜ್ಞ ಯೂಂಗನ ಶಿಷ್ಯ ಜೋಸೆಫ್ ಲಾಂಗ್ ಬಳಿ ಮನೋವಿಶ್ಲೇಷಣೆಗೆ ಹೋಗಿದ್ದ ಎಂದು ಗೊತ್ತಾದ ಮೇಲಂತೂ ‘ಹಾಗಾದರೆ ಇವರೆಲ್ಲ ಒಂದೇ ಮನಸ್ಸಿನ ತುಂಡುಗಳು’ ಎಂದು ತೀರ್ಮಾನಿಸಿಬಿಡುವುದು ಸುಲಭ.

ಆದರೆ ಕ್ರೋಮರನ ಪ್ರಸಂಗ ನೋಡಿ. ಪುಂಡ ಹುಡುಗರೆದುರು ಹಿರಿಮೆ ತೋರಿಸಲು ಸಿಂಕ್ಲೇರ್ ತಾನು ಸೇಬು ಕದ್ದೆ ಅಂತ ಸುಳ್ಳು ಹೇಳುತ್ತಾನೆ. ದರ್ಜಿಯ ಮಗ ಫ್ರಾಂಟ್ಸ್ ಕ್ರೋಮರ್ ಅದನ್ನೇ ಹಿಡಿದು ಎರಡು ಮಾರ್ಕ್ ದುಡ್ಡು ಕೇಳುತ್ತಾನೆ. ಹುಡುಗ ಮನೆಯಲ್ಲಿ ಹುಂಡಿ ಒಡೆದು ಚಿಲ್ಲರೆ ಕದಿಯುತ್ತಾನೆ, ಅದೂ ಸಾಲುವುದಿಲ್ಲ. ಕ್ರೋಮರನ ಸಿಳ್ಳೆ ಕೇಳಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಕೊನೆಗೆ ಅಕ್ಕನನ್ನೇ ಕರೆದುಕೊಂಡು ಬಾ ಅನ್ನುವಷ್ಟರ ಮಟ್ಟಿಗೆ ಹೋಗುತ್ತದೆ. ಆಗ ಡೆಮಿಯಾನ್ ನಡುವೆ ಬರುತ್ತಾನೆ. ಏನು ಮಾಡಿದ ಅನ್ನುವುದು ನಮಗೆ ಕಾಣಿಸುವುದಿಲ್ಲ. ಕಾಣಿಸುವುದು ಇಷ್ಟು: ಆಮೇಲೆ ಬೀದಿಯಲ್ಲಿ ಎದುರಾದ ಕ್ರೋಮರ್ ಬೆಚ್ಚಿ, ಮುಖ ತಿರುಗಿಸಿಕೊಂಡು ಹಿಂದಕ್ಕೆ ಹೋಗುತ್ತಾನೆ. ಕಲ್ಪನೆಯ ಗೆಳೆಯನಿಗೆ ಬೇರೆಯವರ ಮಗನನ್ನು ಹೆದರಿಸಲು ಆಗುವುದಿಲ್ಲ. ಊರಿನವರೂ ಡೆಮಿಯಾನ್ ಮತ್ತು ಅವನ ತಾಯಿಯ ಬಗ್ಗೆ ಗುಸುಗುಸು ಮಾತಾಡುತ್ತಿರುತ್ತಾರೆ.

‘ಕಥೆ ಹೇಳುವವನೇ ಸಿಂಕ್ಲೇರ್ ಅಲ್ಲವಾ, ಅವನ ಮಾತನ್ನು ನಂಬುವುದು ಹೇಗೆ?’ ಎನ್ನುವವರಿದ್ದಾರೆ. ಅವರಿಗೆ ನಾನು ತೋರಿಸುವುದು ಕ್ನಾವರನ ಪುಟಗಳನ್ನು. ಈ ಭಾಗದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ನನಗೋ ಇಡೀ ಕಾದಂಬರಿಯ ಕೀಲಿ ಇರುವುದೇ ಅಲ್ಲಿ. ಕ್ನಾವರ್ ಸಿಂಕ್ಲೇರನ ಸಹಪಾಠಿ, ತನ್ನ ದೇಹದ ಬಯಕೆಗಳ ಜೊತೆ ಹೋರಾಡಿ ಸೋತ ಹುಡುಗ. ಸಹಾಯ ಕೇಳಿಕೊಂಡು ಬಂದಾಗ ಸಿಂಕ್ಲೇರ್ ಬರಿಗೈಯಲ್ಲಿ ಕಳಿಸಿರುತ್ತಾನೆ. ಮುಂದೆ ಒಂದು ರಾತ್ರಿ ಯಾವುದೋ ಸೆಳೆತಕ್ಕೆ ಸಿಂಕ್ಲೇರ್ ಊರೆಲ್ಲ ನಡೆದು, ಅರ್ಧ ಕಟ್ಟಿದ ಕಟ್ಟಡವೊಂದರೊಳಗೆ ಹೊಕ್ಕರೆ, ಅಲ್ಲಿ ಸಾಯಲು ಹೊರಟ ಕ್ನಾವರ್ ನಿಂತಿದ್ದಾನೆ. ಹೇಗೆ ಬಂದೆ ಅನ್ನುವುದು ಸಿಂಕ್ಲೇರನಿಗೇ ಗೊತ್ತಿಲ್ಲ. ಕ್ನಾವರನ ಕಣ್ಣಿಗೆ ಆ ಹೊತ್ತು ಸಿಂಕ್ಲೇರನೇ ಡೆಮಿಯಾನ್! ಅಷ್ಟೇ ನಿಗೂಢ, ಅಷ್ಟೇ ಸರಿಯಾದ ಸಮಯಕ್ಕೆ ಬಂದವನು. ಹಾಗಂತ ಸಿಂಕ್ಲೇರನನ್ನು ಕ್ನಾವರನ ಭ್ರಮೆ ಅನ್ನುತ್ತೇವೆಯೇ? ಇಲ್ಲ. ಅಂದಮೇಲೆ ಡೆಮಿಯಾನನಿಗೂ ಅದೇ ನ್ಯಾಯ ಸಲ್ಲಬೇಕು. ಈ ಕಾದಂಬರಿಯಲ್ಲಿ ಅತಿಮಾನುಷ ಎನ್ನುವುದು ಇದೇ: ಕರೆಯದೆಯೂ ಕರೆ ಕೇಳಿಸಿಕೊಂಡು ಒಬ್ಬರು ಇನ್ನೊಬ್ಬರ ಬಳಿ ಬಂದು ನಿಲ್ಲುವುದು.

ಹೆಸ್ಸೆಗೆ ಕ್ನಾವರನ ಈ ಸಂಕಟ ಪುಸ್ತಕದ ವಿಷಯ ಮಾತ್ರ ಆಗಿರಲಿಲ್ಲ. 1892ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ, ಮೌಲ್‌ಬ್ರಾನ್‌ನ ಧಾರ್ಮಿಕ ಶಾಲೆಯಿಂದ ಓಡಿಹೋದ. ಅದೇ ವರ್ಷ ಆತ್ಮಹತ್ಯೆಗೂ ಯತ್ನಿಸಿದ. ಅವನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಮಿಷನರಿಗಳ ಮನೆತನ ಅದು. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಅಜ್ಜ ಗುಂಡರ್ಟ್ ಮಾಡಿದ ಮಲಯಾಳಂ ನಿಘಂಟು 1872ರಲ್ಲಿ ಹೊರಬಂದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್‌ನಿಂದ, ಮುಂದೆ ಕಿಟೆಲ್ ನಿಘಂಟು ಬಂದ ಅದೇ ಜಾಗದಿಂದ. ಅಂಥ ಭಕ್ತಿಯ ಮನೆಯಲ್ಲಿ ಉಸಿರುಗಟ್ಟಿದ ಹುಡುಗ ನಲವತ್ತರಲ್ಲಿ ಕೂತು, ಹತ್ತು ವರ್ಷದ ಸಿಂಕ್ಲೇರನಿಗೆ ಡೆಮಿಯಾನನನ್ನು ಕೊಟ್ಟ. ಪುಸ್ತಕವನ್ನು ಪ್ರಕಟಿಸಿದ್ದೂ ಎಮಿಲ್ ಸಿಂಕ್ಲೇರ್ ಎಂಬ ಹೆಸರಿನಲ್ಲೇ. ಹೊಸಬರ ಚೊಚ್ಚಲ ಕೃತಿಗೆಂದು ಫಾಂಟಾನೆ ಪ್ರಶಸ್ತಿ ಬಂದಾಗ, ತಾನು ಹೊಸಬನಲ್ಲವಾದ್ದರಿಂದ ಅದನ್ನು ಹಿಂದಿರುಗಿಸಿದ.

ಪುಸ್ತಕದಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಹಕ್ಕಿ ಮೊಟ್ಟೆಯೊಡೆದು ಬರುವ ರೂಪಕವನ್ನು ಹೆಸ್ಸೆ 1914ರ ಯುದ್ಧಕ್ಕೂ ಹಚ್ಚುತ್ತಾನೆ. ಲಕ್ಷಾಂತರ ಹುಡುಗರು ಸತ್ತ ಯುದ್ಧವನ್ನು ಹೊಸ ಹುಟ್ಟು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಎಲ್ಲರೂ ಸಾಕ್ಷಿಯಾಗಿ ಮುಂದಿಡುವ ಕೊನೆಯ ಪುಟ. ಯುದ್ಧದಲ್ಲಿ ಗಾಯಗೊಂಡ ಸಿಂಕ್ಲೇರನ ಪಕ್ಕದ ಹಾಸಿಗೆಯಲ್ಲಿ ರಾತ್ರಿ ಡೆಮಿಯಾನ್ ಇರುತ್ತಾನೆ, ಬೆಳಿಗ್ಗೆ ಅಲ್ಲಿ ಬೇರೆ ಯಾರೋ ಮಲಗಿರುತ್ತಾರೆ. ಮುಂದೆ ಸಿಂಕ್ಲೇರ್ ತನ್ನೊಳಗೆ ಇಳಿದು ನೋಡಿದಾಗಲೆಲ್ಲ ಕಾಣುವ ತನ್ನದೇ ಬಿಂಬ ಡೆಮಿಯಾನನಂತೆಯೇ ಇರುತ್ತದೆ. ‘ನೋಡಿ, ಇಬ್ಬರೂ ಒಬ್ಬನೇ’ ಅನ್ನುತ್ತಾರೆ. ಆದರೆ ಆ ರಾತ್ರಿ ಡೆಮಿಯಾನ್ ಏನು ಹೇಳಿದ? ಕ್ರೋಮರನ ನೆನಪಿದೆಯಾ ಎಂದು ಕೇಳುತ್ತಾನೆ. ಇನ್ನು ಮುಂದೆ ನೀನು ಕರೆದರೆ ಕುದುರೆಯೇರಿಯೋ ರೈಲು ಹತ್ತಿಯೋ ನಾನು ಬರುವುದಿಲ್ಲ, ನಿನ್ನೊಳಗೇ ಕಿವಿಗೊಡಬೇಕು ಅನ್ನುತ್ತಾನೆ. ಮೊದಲಿನಿಂದಲೂ ಒಳಗೇ ಇದ್ದವನಾಗಿದ್ದರೆ ಅವನಿಗೆ ಹೀಗೆ ಹೇಳಿ ಹೋಗುವ ಅಗತ್ಯವೇ ಇರಲಿಲ್ಲ.