ಮಾರಿಕಣಿವೆಯಿಂದ ಶುರುವಾಗುವ ಭೂಗೋಳ

ಬಿ.ಎಡ್. ಮೂರನೇ ಸೆಮಿಸ್ಟರ್‌ನಲ್ಲಿದ್ದೇನೆ. ಬಿ.ಎ.ನಲ್ಲಿ ಎಚ್‌ಇಜಿ ಓದಿದವಳು, ಅಂದರೆ ಇತಿಹಾಸ, ಅರ್ಥಶಾಸ್ತ್ರ, ಭೂಗೋಳ. ಮೂರರಲ್ಲಿ ಮನಸ್ಸು ನಿಂತಿದ್ದು ಭೂಗೋಳದ ಮೇಲೆ. ಆದರೆ ನಮ್ಮ ರಾಜ್ಯದ ಹೈಸ್ಕೂಲುಗಳಲ್ಲಿ ಭೂಗೋಳಕ್ಕೆ ಅಂತ ಬೇರೆ ಟೀಚರ್ ಇರುವುದಿಲ್ಲ. ಇರುವುದು ಸಮಾಜ ವಿಜ್ಞಾನದ ಟೀಚರ್. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವನ್ನೂ ಒಬ್ಬರೇ ಮಾಡಬೇಕು. ಇತಿಹಾಸ ಕಥೆ ಥರ ಓಡುತ್ತೆ, ಪೀರಿಯಡ್‌ಗಳೂ ಅದಕ್ಕೇ ಹೋಗುತ್ತವೆ. ಭೂಗೋಳದ ಸರದಿ ಬಂದಾಗ ಗೈಡ್ ನೋಡಿ ಪ್ರಶ್ನೋತ್ತರ ಬರೆಸುವಷ್ಟೇ ಸಮಯ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸ್. ಮೊದಲು ಒಂದೇ ವರ್ಷ ಇತ್ತು. ಜಾಸ್ತಿ ಆಯ್ತು ಅಂತ ಬೇಸರಪಡುವವರು ತುಂಬಾ ಜನ. ನನಗೆ ಹಾಗನ್ನಿಸಿಲ್ಲ. ಸೂಕ್ಷ್ಮ ಬೋಧನೆಯನ್ನೇ ನೋಡಿ, ಅಂದರೆ ಪುಟ್ಟ ಪುಟ್ಟ ಪಾಠ ಮಾಡಿ ಕಲಿಸುವ ಅಭ್ಯಾಸ. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುತಯಾರಿ, ಮತ್ತೆ ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ. ಒಂದು ಸಲಕ್ಕೆ ಒಂದೇ ಕೌಶಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಅಲ್ಲೇ. ಪಾಠ ಯೋಜನೆಯ ರೆಕಾರ್ಡ್ ಬರೆದು ಬರೆದು ಕೈ ನೋಯುತ್ತೆ, ಅದು ಬೇರೆ ಮಾತು.

ಇಂಟರ್ನ್‌ಶಿಪ್‌ಗೆ ಸಿಕ್ಕಿದ್ದು ಹಿರಿಯೂರು ತಾಲೂಕಿನ ಒಂದು ಹೈಸ್ಕೂಲು. ಒಂಬತ್ತನೇ ತರಗತಿಗೆ ಕರ್ನಾಟಕದ ವಾಯುಗುಣ, ಜಲಸಂಪನ್ಮೂಲ. ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ ಹೇಳಿ? ಊರಿನ ಪಕ್ಕದಲ್ಲೇ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಅಣೆಕಟ್ಟು. 2022ರಲ್ಲಿ, 89 ವರ್ಷದ ಮೇಲೆ, ಕೋಡಿ ಬಿತ್ತು. ಅದನ್ನು ನೋಡೋಕೆ ಜಿಲ್ಲೆಗೆ ಜಿಲ್ಲೆಯೇ ಬಂದಿತ್ತು.

ತರಗತಿಯಲ್ಲಿ ಕೇಳಿದೆ. “ಹಿರಿಯೂರಲ್ಲಿ ಮಳೆ ಜಾಸ್ತಿನಾ?”

“ಇಲ್ಲ ಮಿಸ್.”

“ಮತ್ತೆ ಡ್ಯಾಮ್ ತುಂಬಿದ್ದು ಹೇಗೆ?”

ಯಾರೂ ಮಾತಾಡಲಿಲ್ಲ. ನಾನೂ ಸುಮ್ನೆ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬೆಂಚಿನ ಹುಡುಗಿ, “ಬೇರೆ ಕಡೆ ಮಳೆ ಬಂದಿರುತ್ತೆ ಮಿಸ್” ಅಂದಳು. ಅಲ್ಲಿಂದ ಪಾಠ ತಾನಾಗಿ ನಡೆಯಿತು. ವೇದಾ, ಅವತಿ ಎರಡೂ ಹುಟ್ಟುವುದು ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯಲ್ಲಿ. ವೇದಾ ಅಯ್ಯನಕೆರೆಗೆ, ಅವತಿ ಮದಗದ ಕೆರೆಗೆ ನೀರು ಕೊಟ್ಟು, ಆಮೇಲೆ ಸೇರಿ ವೇದಾವತಿಯಾಗಿ ನಮ್ಮ ಕಡೆ ಬರುತ್ತವೆ. ಈಗ ಭದ್ರೆಯ ನೀರನ್ನೂ ಎತ್ತಿ ಇದಕ್ಕೆ ಹರಿಸುತ್ತಾರೆ. ಮುಂಗಾರಿನ ಮೋಡ ಪಶ್ಚಿಮ ಘಟ್ಟ ಹತ್ತುವಾಗ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತೆ. ಘಟ್ಟ ಇಳಿದ ಗಾಳಿಯಲ್ಲಿ ಅಷ್ಟು ತೇವ ಉಳಿದಿರಲ್ಲ. ಚಳ್ಳಕೆರೆ, ಹಿರಿಯೂರಿನಲ್ಲಿ 600 ಮುಟ್ಟದ ವರ್ಷಗಳೇ ಜಾಸ್ತಿ. ‘ಮಳೆ ನೆರಳಿನ ಪ್ರದೇಶ’ ಅಂತ ಬಾಯಿಪಾಠ ಮಾಡಿದ್ದ ಮಕ್ಕಳು, ನಾವೇ ಅದರೊಳಗೆ ಕೂತಿದ್ದೀವಿ ಅಂತ ತಿಳಿದು ಮುಖ ಮುಖ ನೋಡಿಕೊಂಡರು.

ಮಾರನೇ ದಿನ ಕಾಂಟೂರ್ ರೇಖೆ ಹೇಳಿಕೊಟ್ಟೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸಿ ನಕ್ಷೆಯಲ್ಲಿ ಎಳೆಯುವ ಗೆರೆ. ಪಠ್ಯದಲ್ಲಿ ಇಲ್ಲ, ಆದರೆ ಬೇಕು ಅಂತ ನನ್ನ ಹಠ. ಮಾರ್ಗದರ್ಶಕ ಶಿಕ್ಷಕರು “ಮಾಡಿ ನೋಡಮ್ಮ” ಅಂದರು. ಗಾರೆ ಕೆಲಸದ ದೊಡ್ಡ ಬಾಂಡ್ಲಿಯಲ್ಲಿ ಹಸಿ ಮಣ್ಣಿನಿಂದ ಎರಡು ಗುಡ್ಡ ಮಾಡಿದೆವು, ನಡುವೆ ಒಂದು ಸಂದು. ಎರಡು ಬೆರಳು ಎತ್ತರಕ್ಕೆ ನೀರು ಹಾಕುವುದು, ನೀರು ನಿಂತ ಅಂಚಿಗೆ ಮೊಳೆಯಿಂದ ಗೆರೆ ಎಳೆಯುವುದು, ಮತ್ತೆ ಅಷ್ಟೇ ಎತ್ತರ ನೀರು, ಮತ್ತೆ ಗೆರೆ. ಆಮೇಲೆ ನೀರು ಚೆಲ್ಲಿ ಮೇಲಿಂದ ನೋಡಿದರೆ ಒಂದರೊಳಗೊಂದು ಸುತ್ತು. ಗುಡ್ಡ ಕಡಿದಾಗಿದ್ದ ಕಡೆ ಗೆರೆಗಳು ಒತ್ತೊತ್ತಾಗಿ, ಇಳಿಜಾರು ಸಲೀಸಾದ ಕಡೆ ದೂರದೂರ.

ಮುರಿದ ಸ್ಲೇಟಿನ ಒಂದು ಚೂರು ಕೊಟ್ಟು, “ಇದು ಅಣೆಕಟ್ಟು, ಎಲ್ಲಿಡ್ತೀರಾ?” ಅಂದೆ. ಒಬ್ಬ ಹುಡುಗ ತಡ ಮಾಡದೆ ಸಂದಿಗೆ ಇಟ್ಟ. ಯಾಕೆ ಅಂದರೆ, “ಇಲ್ಲಾದ್ರೆ ಕಲ್ಲು ಕಮ್ಮಿ ಸಾಕು ಮಿಸ್, ನೀರು ಜಾಸ್ತಿ ನಿಲ್ಲುತ್ತೆ.” ಮಾರಿಕಣಿವೆಯ ಕಟ್ಟೆಯ ಉದ್ದ ಸುಮಾರು 405 ಮೀಟರ್ ಅಷ್ಟೇ, ಹಿಂದೆ ನಿಲ್ಲುವುದು 30 ಟಿಎಂಸಿ ಅಡಿ ನೀರು. ಅಂದಿನ ಮೈಸೂರಿನ ಎಂಜಿನಿಯರ್‌ಗಳ ಲೆಕ್ಕಾಚಾರ ಆ ಹುಡುಗನಿಗೆ ಬಾಂಡ್ಲಿಯ ಮುಂದೆ ಕೂತು ಸಿಕ್ಕಿತು. ನನಗೆ ಆಗಿದ್ದ ಖುಷಿ ಹೇಳತೀರದು.

ಎಸ್‌ಎಸ್‌ಎಲ್‌ಸಿಯಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಪ್ರಶ್ನೆ ಬರುತ್ತೆ, ಮಕ್ಕಳು ಅಭ್ಯಾಸ ಮಾಡಲೇಬೇಕು. ಆದರೆ 82½° ಪೂರ್ವ ರೇಖಾಂಶ ಎಳೆಯಲು ಬರುವ ಮಗುವಿಗೆ ತನ್ನೂರಿನ ಹಳ್ಳ ಯಾವ ನದಿಗೆ ಸೇರುತ್ತೆ ಅನ್ನೋದೂ ಗೊತ್ತಿರಬೇಕು ಅಲ್ವಾ?

ನನ್ನ ಹಾಗೆ ತರಬೇತಿಯಲ್ಲಿರುವವರಿಗೆ ಒಂದು ಮಾತು. ಸರ್ವೆ ಆಫ್ ಇಂಡಿಯಾದ ಓಪನ್ ಸೀರೀಸ್ ನಕ್ಷೆಗಳು ಅವರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. 1:50,000 ಅಳತೆ, ಅಂದರೆ ಒಂದು ಸೆಂಟಿಮೀಟರ್‌ಗೆ ಅರ್ಧ ಕಿಲೋಮೀಟರ್. ನಿಮ್ಮ ಶಾಲೆ ಇರುವ ಹಾಳೆಯನ್ನೇ ಇಳಿಸಿಕೊಂಡು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಗೋಡೆಗೆ ಅಂಟಿಸಿ. ಮಕ್ಕಳು ಮೊದಲು ತಮ್ಮ ಮನೆ ಹುಡುಕುತ್ತಾರೆ, ಹುಡುಕಲಿ ಬಿಡಿ. ಕಂದು ಗೆರೆ ಏನು, ನೀಲಿ ಗೆರೆ ಏನು ಅಂತ ಅವರೇ ಕೇಳುತ್ತಾರೆ.