ಭಾಗಮಂಡಲಕ್ಕೆ ಅರ್ಧ ಗಂಟೆ ಸಾಕೇ?

ಸಾಕು. ಗಾಡಿ ನಿಲ್ಲಿಸುವುದಕ್ಕೆ ಐದು ನಿಮಿಷ, ಕಾವೇರಿ-ಕನ್ನಿಕೆ ಸಂಗಮದಲ್ಲಿ ಕಾಲು ತೊಳೆದು ಫೋಟೋ ತೆಗೆಸಿಕೊಳ್ಳುವುದಕ್ಕೆ ಹತ್ತು ನಿಮಿಷ, ಭಗಂಡೇಶ್ವರನಿಗೆ ಕೈಮುಗಿದು ಒಂದು ಸುತ್ತು ಬರುವುದಕ್ಕೆ ಹದಿನೈದು ನಿಮಿಷ, ಲೆಕ್ಕ ಸರಿಹೋಯಿತು. ನನ್ನ ಮನೆತನ ಚೆಟ್ಟಿಮಾನಿ ಕಡೆಯದು, ನೌಕರಿ ಮಡಿಕೇರಿಯಲ್ಲಿ ಎಂಬ ಎರಡೇ ಕಾರಣಕ್ಕೆ ಬೆಂಗಳೂರಿನ ಪರಿಚಿತರು, ಆ ಪರಿಚಿತರ ಪರಿಚಿತರು, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರು, ಎಲ್ಲರೂ ನನ್ನನ್ನು ಕೇಳುವುದು ಇದೊಂದನ್ನೇ: “ತಲಕಾವೇರಿಗೆ ಹೋಗುವ ದಾರಿಯಲ್ಲಿ ಭಾಗಮಂಡಲಕ್ಕೆ ಅರ್ಧ ಗಂಟೆ ಸಾಕಲ್ಲವೇ?” ಬಾಯಲ್ಲಿ ಹೇಳಿ ಹೇಳಿ ಬೇಸತ್ತಿರುವುದರಿಂದ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳುವವರಿಗೆ ಇದನ್ನೇ ಕಳುಹಿಸಿ ಸುಮ್ಮನಾಗುವ ಉದ್ದೇಶವಿದೆ.

ಅರ್ಧ ಗಂಟೆಯ ಬಗ್ಗೆ ನನಗೆ ಅಷ್ಟೇನೂ ತಕರಾರಿಲ್ಲ. ರಜೆ ಎಷ್ಟಿದೆಯೋ ಅಷ್ಟರಲ್ಲೇ ತಿರುಗಾಡಬೇಕಲ್ಲ. ಕೆರಳಿಸುವುದು ಆ “ಹೋಗುವ ದಾರಿಯಲ್ಲಿ” ಎಂಬ ಮಾತು. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿ.ಮೀ., ಅಲ್ಲಿಂದ ತಲಕಾವೇರಿಗೆ ಬರೀ 8 ಕಿ.ಮೀ. ಹಳಬರು ಯಾರೂ ಭಾಗಮಂಡಲವನ್ನು ದಾರಿಯೆಂದು ಎಣಿಸಿದವರಲ್ಲ. ಮೊದಲು ಸಂಗಮದಲ್ಲಿ ಮಿಂದು, ಭಗಂಡೇಶ್ವರನನ್ನು ಕಂಡು, ಪಿತೃಗಳಿಗೆ ಪಿಂಡ ಇಡುವುದಿದ್ದರೆ ಇಟ್ಟು, ಆಮೇಲೆ ಬೆಟ್ಟ ಹತ್ತುವುದು ಅವರ ಕ್ರಮ. ಈ ಕ್ರಮದಲ್ಲಿ ಭಕ್ತಿಯಷ್ಟೇ ಅಲ್ಲ, ನದಿಯ ಲೆಕ್ಕಾಚಾರವೂ ಇದೆ. ಸಮುದ್ರಮಟ್ಟದಿಂದ 1276 ಮೀಟರ್ ಎತ್ತರದ ತಲಕಾವೇರಿಯಲ್ಲಿ ನಿಮಗೆ ಕಾಣುವುದು ಕಾವೇರಿ ಹುಟ್ಟುತ್ತಾಳೆನ್ನುವ ಒಂದು ಪುಟ್ಟ ಕುಂಡಿಕೆ, ಅದರ ಮುಂದೆ ಒಂದು ಕೊಳ. ಅಲ್ಲಿಂದ ನೀರು ನೆಲದಡಿಗೆ ಇಳಿದು ಕೆಳಗೆಲ್ಲೋ ಮತ್ತೆ ಮೇಲೇಳುತ್ತದೆ ಎನ್ನುತ್ತಾರೆ. ಹರಿಯುವ ಕಾವೇರಿಯನ್ನು ದಂಡೆಯ ಮೇಲೆ ನಿಂತು ನೋಡಬೇಕಾದರೆ ಭಾಗಮಂಡಲಕ್ಕೇ ಬರಬೇಕು.

ಒಮ್ಮೆ ನನ್ನ ಸಹೋದ್ಯೋಗಿಯ ನೆಂಟರೊಬ್ಬರನ್ನು ಕರೆದುಕೊಂಡು ಹೋಗುವ ಪ್ರಸಂಗ ಬಂತು. ನಿವೃತ್ತ ಎಂಜಿನಿಯರು, ಎಲ್ಲವನ್ನೂ ಎಣಿಸಿ ನೋಡುವ ಸ್ವಭಾವದವರು. ಸಂಗಮದ ಮೆಟ್ಟಿಲ ಮೇಲೆ ನಿಂತು ಎಡಕ್ಕೂ ಬಲಕ್ಕೂ ಕಣ್ಣು ಹಾಯಿಸಿ, “ತ್ರಿವೇಣಿ ಎಂದಿರಿ. ಕಾವೇರಿ ಒಂದು, ಕನ್ನಿಕೆ ಎರಡು. ಮೂರನೆಯದು ಎಲ್ಲಿ?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಸುಜ್ಯೋತಿ ಗುಪ್ತಗಾಮಿನಿ, ಕಣ್ಣಿಗೆ ಕಾಣುವುದಿಲ್ಲ ಎಂದೆ. “ಹಾಗಾದರೆ ಎರಡೇ” ಎಂದು ಅವರು ತೀರ್ಪು ಕೊಟ್ಟರು. ಅಲ್ಲೇ ಬಾಳೆಲೆಯ ಮೇಲೆ ಎಳ್ಳು, ಅನ್ನದ ಉಂಡೆಗಳನ್ನು ಜೋಡಿಸುತ್ತಿದ್ದ ಪುರೋಹಿತರೊಬ್ಬರು ತಲೆ ಎತ್ತದೆಯೇ, “ಸಾರ್, ಇಲ್ಲಿಗೆ ಬರುವ ಹೆಚ್ಚಿನವರು ಕಾಣದೇ ಹೋದವರಿಗಾಗಿಯೇ ಬರುತ್ತಾರೆ” ಎಂದರು. ಎಂಜಿನಿಯರು ಆಮೇಲೆ ಸ್ವಲ್ಪ ಹೊತ್ತು ಏನನ್ನೂ ಎಣಿಸಲಿಲ್ಲ. ಬಳಿಕ ಗಡಿಯಾರ ನೋಡಿಕೊಂಡು, ಊಟಕ್ಕೆ ಎಲ್ಲಿ ನಿಲ್ಲಿಸುವುದೆಂದು ವಿಚಾರಿಸಿದರು.

ದೇವಸ್ಥಾನದ ವಿಷಯದಲ್ಲಿ ಇನ್ನೊಂದು ಆಕ್ಷೇಪಣೆ ಬರುತ್ತದೆ: “ಇದು ನಮ್ಮ ಕಡೆಯ ದೇವಸ್ಥಾನದ ಹಾಗಿಲ್ಲವಲ್ಲ, ಗೋಪುರವೇ ಇಲ್ಲ.” ಇಲ್ಲ, ನಿಜ. ಕೇರಳ ಶೈಲಿಯ ಇಳಿಜಾರು ಮಾಡು, ಅದಕ್ಕೆ ತಾಮ್ರದ ಹೊದಿಕೆ, ಒಳಗೆ ಮರದ ಕೆತ್ತನೆ. ಜೂನ್ ತಿಂಗಳಲ್ಲಿ ಒಂದು ದಿನ ಆ ಸೂರಿನಡಿ ನಿಂತವರು ಗೋಪುರದ ಮಾತು ಎತ್ತುವುದಿಲ್ಲ. ಮಳೆ ಮಾಡಿನ ಮೇಲೆ ನಿಲ್ಲದೆ ಜಾರಿ ಅಂಗಳದ ಅಂಚಿಗೆ ಧಾರೆಯಾಗಿ ಬೀಳುತ್ತದೆ. ಪ್ರದಕ್ಷಿಣೆ ಬರುವವರು ಗೋಡೆಗೆ ಒತ್ತಿಕೊಂಡು ನಡೆಯುತ್ತಾರೆ. ಭಾಗಮಂಡಲದಿಂದ ಕರಿಕೆಯ ಮೇಲೆ ಘಟ್ಟ ಇಳಿದರೆ ಪಾಣತ್ತೂರು, ಅಂದರೆ ಕೇರಳದ ಕಾಸರಗೋಡು ಜಿಲ್ಲೆ. ಇಲ್ಲಿ ಸಿಕ್ಕಿರುವ ಹಳೆಯ ಶಾಸನವೂ ಕನ್ನಡ ಲಿಪಿಯದಲ್ಲ, ಹಿಂದೆ ತಮಿಳು, ಮಲಯಾಳಂ ಬರೆಯಲು ಬಳಸುತ್ತಿದ್ದ ವಟ್ಟೆಳುತ್ತಿನದು. ಬೋಧರೂಪ ಎಂಬ ಅರಸ-ಯತಿಯ ಹೆಸರು ಅದರಲ್ಲಿದೆ. ಯಾರ ಕಡೆಯ ದೇವಸ್ಥಾನ ಎಂಬ ಪ್ರಶ್ನೆಗೆ ಈ ಊರು ಎಂದೂ ತಲೆ ಕೆಡಿಸಿಕೊಂಡಂತಿಲ್ಲ. ಈಶ್ವರ, ಸುಬ್ರಹ್ಮಣ್ಯ, ಮಹಾವಿಷ್ಣು, ಗಣಪತಿ ಒಂದೇ ಆವರಣದಲ್ಲಿದ್ದಾರೆ. ಕೊಡವರು, ಅರೆಭಾಷೆ ಗೌಡರು, ತಮಿಳುನಾಡಿನಿಂದ ಬಸ್ಸು ಮಾಡಿಕೊಂಡು ಬಂದ ರೈತರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಕಾದಾಟದ ಕಥೆ ಬೇಕೆನ್ನುವವರಿಗೆ ಅದೂ ಇದೆ. ಟಿಪ್ಪುವಿನ ಸೈನ್ಯ ಈ ಜಾಗವನ್ನು ಹಿಡಿದು ದೇವಸ್ಥಾನವನ್ನೇ ಕೋಟೆಯಾಗಿಸಿಕೊಂಡಿತ್ತು. 1790ರಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಗೆದ್ದ. ಗೆಲ್ಲುವಾಗ ತನ್ನದೇ ಫಿರಂಗಿಯ ಗುಂಡು ತಗುಲಿ ಮಾಡಿನ ತಾಮ್ರದ ತಗಡುಗಳು ಹಾಳಾದವೆಂದೂ, ಅವುಗಳ ಜಾಗಕ್ಕೆ ಅರಸ ಬೆಳ್ಳಿಯ ತಗಡು ಹೊದಿಸಿದನೆಂದೂ ಹೇಳುತ್ತಾರೆ. ನನಗೆ ಯುದ್ಧಕ್ಕಿಂತ ಈ ರಿಪೇರಿಯ ಭಾಗವೇ ಇಷ್ಟ.

ಈಗ ಮೇಲ್ಸೇತುವೆಯ ವಿಷಯ. ಇತ್ತೀಚೆಗೆ ಹೋಗಿ ಬಂದವರೆಲ್ಲ ನನಗೆ ದೂರು ಹೇಳುತ್ತಾರೆ: ಇಷ್ಟು ಚಿಕ್ಕ ಊರಿಗೆ, ಅದೂ ಪುಣ್ಯಕ್ಷೇತ್ರಕ್ಕೆ, ಅಷ್ಟು ದೊಡ್ಡ ಕಾಂಕ್ರೀಟ್ ಕಂಬಗಳು ಏಕೆ ಬೇಕಿತ್ತು, ಫೋಟೋ ಎಲ್ಲ ಹಾಳಾಯಿತು ಎಂದು. ಹಾಳಾಗಿರಬಹುದು. ಆದರೆ ಈ ದೂರು ಹೇಳುವವರಲ್ಲಿ ಒಬ್ಬರೂ ಕಕ್ಕಡ ತಿಂಗಳಲ್ಲಿ ಅಲ್ಲಿಗೆ ಕಾಲಿಟ್ಟವರಲ್ಲ. ಜುಲೈ, ಆಗಸ್ಟ್‌ನಲ್ಲಿ ಎರಡು ನದಿಗಳೂ ಒಟ್ಟಿಗೆ ಏರಿದರೆ ಸಂಗಮದ ಮೆಟ್ಟಿಲು, ಉದ್ಯಾನ, ರಸ್ತೆ ಎಲ್ಲ ಒಂದೇ ಕೆಂಪು ನೀರು. ನಾಪೋಕ್ಲು ಕಡೆಯ ದಾರಿ ಮುಚ್ಚುತ್ತದೆ, ಮಡಿಕೇರಿ ಕಡೆಯದೂ ಮುಚ್ಚುತ್ತಿತ್ತು. ಆಸ್ಪತ್ರೆಗೆ ಹೋಗಬೇಕಾದವರನ್ನು ದೋಣಿಯಲ್ಲಿ ದಾಟಿಸಿದ್ದನ್ನು ಕಂಡವರು ಮೇಲ್ಸೇತುವೆಯ ಅಂದಚಂದ ವಿಮರ್ಶಿಸುವುದಿಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಕುಟುಂಬವೇ ಮಣ್ಣಿನಡಿ ಸಿಕ್ಕಿಕೊಂಡಾಗಲೂ ಇಲ್ಲಿ ಕೆಳಗೆ ಇಂಥದ್ದೇ ನೀರು ನಿಂತಿತ್ತು.

ನಾನು ಬಲ್ಲ ಒಂದು ದಿನಸಿ ಅಂಗಡಿಯ ಬಾಗಿಲ ಚೌಕಟ್ಟಿನಲ್ಲಿ, ಬಣ್ಣ ಬಳಿದರೂ ಮುಚ್ಚದ ಒಂದು ಗೆರೆ ಇದೆ. ಹಿಂದಿನ ನೆರೆ ಅಷ್ಟರವರೆಗೆ ನಿಂತಿತ್ತು. ನೀರು ಅಂಗಡಿಯ ಎರಡನೆಯ ಮೆಟ್ಟಿಲು ಮುಟ್ಟಿದ ಕೂಡಲೇ ಯಜಮಾನರು ಅಕ್ಕಿ ಮೂಟೆಗಳನ್ನು ಅಟ್ಟಕ್ಕೆ ಏರಿಸುತ್ತಾರೆ. ಬೆಲ್ಲ ಮತ್ತು ಸಕ್ಕರೆ ಮೊದಲು, ಅಕ್ಕಿ ಆಮೇಲೆ, ಉಪ್ಪಿನ ಚೀಲ ಕಡೆಗೆ. ಉಪ್ಪೂ ಕರಗುತ್ತದಲ್ಲ ಎಂದು ಕೇಳಿದ್ದಕ್ಕೆ, ಹೋದರೆ ಅಗ್ಗದ್ದು ಹೋಗಲಿ ಎಂದರು.

ನನ್ನನ್ನು ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ನಾನು ಕಾಯುತ್ತಿದ್ದೇನೆ: ಕನ್ನಂಬಾಡಿ ಕಟ್ಟೆ ತುಂಬುವ ಹೊತ್ತಿಗೆ ಭಾಗಮಂಡಲದಲ್ಲಿ ಏನಾಗಿರುತ್ತದೆ? ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳು ಕೆ.ಆರ್.ಎಸ್. ಮಟ್ಟವನ್ನು ದಿನಾ ಅಚ್ಚು ಹಾಕುತ್ತವೆ. 124.80 ಅಡಿ ತುಂಬಿದಾಗ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುತ್ತಾರೆ, ಮಂಡ್ಯದವರಿಗೆ ಸಮಾಧಾನ, ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪಂಪ್ ಆಗಿ ಬರುವ ನೀರನ್ನು ನಂಬಿದ ಬೆಂಗಳೂರಿಗೂ ಸಮಾಧಾನ. ಆ ಸಂತೋಷ ನನಗೂ ಇದೆ, ಅಸೂಯೆಯೇನಿಲ್ಲ. ಆದರೆ ಕಟ್ಟೆ ತುಂಬಿಸಿದ ಅದೇ ಮಳೆಗೆ ಕೆಲವು ದಿನ ಮೊದಲು ನಮ್ಮ ಅಂಗಡಿಯ ಉಪ್ಪಿನ ಚೀಲ ಹೋಗಿರುತ್ತದೆ. ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರೂ ಆ ಕಟ್ಟೆಗೆ ಸೇರುತ್ತದಲ್ಲ ಎಂದು ಯಾರಾದರೂ ತಿದ್ದಬಹುದು. ತಿದ್ದಲಿ, ಅವುಗಳಲ್ಲೂ ಎರಡು ಕೊಡಗಿನಲ್ಲೇ ಹುಟ್ಟುತ್ತವೆ. ಭಾಗಮಂಡಲವನ್ನು ಅರ್ಧ ಗಂಟೆಯಲ್ಲಿ ಮುಗಿಸುವವರು ಬಹುತೇಕ ಈ ನೀರು ಕುಡಿದೇ ಬಂದಿರುತ್ತಾರೆ ಎಂಬುದು ನನ್ನ ಸಣ್ಣ ಕೊಂಕು.

ಜೇನಿನ ಬಗ್ಗೆಯೂ ಕೇಳುತ್ತಾರೆ, “ಶುದ್ಧವಾ?” ಎಂದು. ಭಾಗಮಂಡಲ ಜೇನು ಕೃಷಿಗೆ ಹೆಸರಾದ ಊರು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ತುಡುವೆ ಜೇನಿನ ಕುಟುಂಬಗಳು ಪೆಟ್ಟಿಗೆಯಲ್ಲೇ ನಾಶವಾದವು. ಆಮೇಲೆ ಮತ್ತೆ ಸಾಕಿದವರು ಸಾಕಿದರು. ಸಹಕಾರ ಸಂಘದ ಮಳಿಗೆಯಲ್ಲಿ ಕೊಳ್ಳಿ, ರಸ್ತೆ ಬದಿಯಲ್ಲಿ ಕೊಂಡು ಆಮೇಲೆ ನನಗೆ ಫೋನ್ ಮಾಡಬೇಡಿ.

ಎಷ್ಟು ಹೊತ್ತು ಬೇಕು ಎಂಬುದನ್ನು ಬಿಟ್ಟು ಯಾವಾಗ ಬರಬೇಕು ಎಂದು ಕೇಳಿದರೆ ಉತ್ತರ ಸುಲಭ. ತಲಕಾವೇರಿಯ ಕುಂಡಿಕೆಯಲ್ಲಿ ನೀರು ಉಕ್ಕುವ ತೀರ್ಥೋದ್ಭವ ನೋಡಬೇಕೆಂಬ ಆಸೆಯಿದ್ದರೆ ತುಲಾ ಸಂಕ್ರಮಣಕ್ಕೆ, ಅಂದರೆ ಅಕ್ಟೋಬರ್ 17 ಅಥವಾ 18ಕ್ಕೆ ಬನ್ನಿ. ಮುಹೂರ್ತ ಮಧ್ಯಾಹ್ನವೂ ಬರಬಹುದು, ನಡುರಾತ್ರಿಯೂ ಬರಬಹುದು, ಜನ ಮಾತ್ರ ಯಾವಾಗಲೂ ಇರುತ್ತಾರೆ. ಊರನ್ನೂ ನದಿಯನ್ನೂ ನೋಡುವುದಿದ್ದರೆ ಸೆಪ್ಟೆಂಬರ್ ಕೊನೆಯ ವಾರ ಒಳ್ಳೆಯದು: ಮಳೆ ಹಿಂದೆ ಸರಿದಿರುತ್ತದೆ, ನೀರು ತುಂಬಿಯೂ ತಿಳಿಯಾಗಿರುತ್ತದೆ, ಗದ್ದೆಗಳು ಹಸಿರಾಗಿರುತ್ತವೆ. ಏಪ್ರಿಲ್‌ನಲ್ಲಿ ಬಂದು ಇಷ್ಟೇನಾ ಕಾವೇರಿ ಎನ್ನಬೇಡಿ. ಜುಲೈನಲ್ಲಿ ಬರುವ ಧೈರ್ಯವಿದ್ದವರು ಹಿಂದಿನ ದಿನ ನನಗೊಂದು ಫೋನ್ ಮಾಡಿ. ನೀರು ಎಷ್ಟನೆಯ ಮೆಟ್ಟಿಲಿಗೆ ಬಂದಿದೆ ಎಂದು ಅಂಗಡಿಯವರನ್ನು ವಿಚಾರಿಸಿ ತಿಳಿಸುತ್ತೇನೆ.